ಊರೇ ಪ್ರತಿವಾದಿಯಾದಾಗ



ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿ ‘ನ್ಯಾಯದೇಗುಲ’ ಎಂಬ ಹೆಸರಿನ ಕಟ್ಟಡವೊಂದಿದೆ. ಲಾಲ್‌ಬಾಗಿನಿಂದ ಅದು ಬಹಳ ದೂರವಲ್ಲ. ಹೆಸರು ದೇಗುಲವಾದರೂ ಅಲ್ಲಿ ಪೂಜೆಯಿಲ್ಲ. ವ್ಯಾಜ್ಯದಲ್ಲಿ ಸಿಲುಕಿದ ಎರಡು ಪಕ್ಷದವರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಮಾತನಾಡಿಸುವ ಮಧ್ಯಸ್ಥಿಕೆ ಕೇಂದ್ರ ಅಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಈ ಕೇಂದ್ರ ಆರಂಭವಾದದ್ದು 2007ರಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ಜೊತೆ ನಾನು ಅಲ್ಲಿಗೆ ಹೋಗಿದ್ದೆ. ಅವರ ಮನೆ ತಾವರೆಕೆರೆಯ ಕಡೆ. ನಗರದ ಒಂದು ಕಚೇರಿಯ ಅಧೀನದಲ್ಲಿ ತೋಟದ ಮಾಲಿಯಾಗಿ ದುಡಿದು ನಿವೃತ್ತರಾದವರು. ದಿನಗೂಲಿಯಾಗಿದ್ದ ಮೊದಲ ಹನ್ನೊಂದು ವರ್ಷಗಳನ್ನು ನಿವೃತ್ತಿ ವೇತನದ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದು ಅವರ ತಕರಾರು. ಕೆಳಗಿನ ಹಂತದಲ್ಲಿ ಅವರು ಗೆದ್ದಿದ್ದರು, ಕಚೇರಿ ಮೇಲ್ಮನವಿ ಹೋಗಿತ್ತು.

ಅಂದು ಕಚೇರಿಯ ಪರವಾಗಿ ಬಂದ ಅಧಿಕಾರಿ ಸಜ್ಜನರು. ಎಲ್ಲವನ್ನೂ ಕೇಳಿಸಿಕೊಂಡರು, ತಲೆಯಾಡಿಸಿದರು. ಕೊನೆಗೆ ಮಧ್ಯಸ್ಥಗಾರರು, “ಹಾಗಾದರೆ ಎಷ್ಟಕ್ಕೆ ಒಪ್ಪುತ್ತೀರಿ?” ಎಂದಾಗ, “ನನಗೆ ಇಲ್ಲಿಗೆ ಬರಲು ಆದೇಶವಿದೆ, ಒಪ್ಪಲು ಆದೇಶವಿಲ್ಲ” ಎಂದರು. ಅವರು ಸುಳ್ಳು ಹೇಳಲಿಲ್ಲ. ಆ ಮಾತನ್ನು ನಾನು ಬಹಳ ದಿನ ಮರೆಯಲಿಲ್ಲ. ಊರಿನ ಮೇಲೆ ದಾವೆ ಹೂಡಿದ ಮನುಷ್ಯನೊಡನೆ ಊರು ರಾಜಿಯಾಗಬೇಕೇ, ಆಗಬೇಕಾದರೆ ಊರಿನ ಪರವಾಗಿ ‘ಆಗಲಿ’ ಎನ್ನುವವರು ಯಾರು ಎಂಬ ಪ್ರಶ್ನೆ ಅಲ್ಲಿಂದ ನನ್ನ ಬೆನ್ನು ಹತ್ತಿತು. ಅದರ ಜಾಡು ಹಿಡಿದು ಹೋದಾಗ ಕಂಡ ಕೆಲವು ಹಳೆಯ ಪ್ರಕರಣಗಳನ್ನು ನಿಮ್ಮ ಮುಂದಿಡುತ್ತೇನೆ.

ಬೆಂಗಳೂರು ತನ್ನ ಹೆಸರನ್ನು ಬದಲಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ತನ್ನ ಆಡಳಿತದ ಹೆಸರನ್ನು ಬದಲಿಸಿಕೊಂಡಿದೆ. 1862ರಲ್ಲಿ ಪುರಸಭೆಗಳ ಆಡಳಿತ ಆರಂಭವಾಯಿತು. 1945ರಲ್ಲಿ ಬಡಾವಣೆಗಳನ್ನು ನಿರ್ಮಿಸಲೆಂದೇ ಸಿಐಟಿಬಿ ಹುಟ್ಟಿತು. 1949ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಕೂಡಿ ಕಾರ್ಪೊರೇಷನ್ ಆಯಿತು. 1976ರಲ್ಲಿ ಸಿಐಟಿಬಿ ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು; 2025ರ ಸೆಪ್ಟೆಂಬರಿನಲ್ಲಿ ಅದೂ ಕರಗಿ ಐದು ನಗರ ಪಾಲಿಕೆಗಳಾದವು. ಹೀಗೆ ಫಲಕ ಬದಲಾದಾಗಲೆಲ್ಲ ಬಾಕಿಯಿದ್ದ ದಾವೆಗಳಲ್ಲಿ ಪ್ರತಿವಾದಿಯ ಹೆಸರನ್ನು ತಿದ್ದಬೇಕಾಗುತ್ತದೆ. ದಾವೆ ಮಾತ್ರ ಹಳೆಯದೇ. ಸಿಐಟಿಬಿಯ ಮೇಲೆ ತಂದೆ ಹೂಡಿದ ವ್ಯಾಜ್ಯವನ್ನು ಪ್ರಾಧಿಕಾರದ ಮೇಲೆ ಮಗ ಮುಂದುವರಿಸುವುದು ಈ ಊರಿಗೆ ಹೊಸದಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಬಳಿಕ ದಕ್ಷಿಣದ ಹಳ್ಳಿಗಳು ಒಂದೊಂದಾಗಿ ಬಡಾವಣೆಗಳಾದವು. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳ ನಡುವೆ ಜೆ.ಪಿ. ನಗರ ಬೆಳೆಯಿತು. ಭೂಸ್ವಾಧೀನವಿದ್ದಲ್ಲಿ ಪರಿಹಾರದ ತಕರಾರು ಇದ್ದೇ ಇರುತ್ತದೆ.

ಮೊದಲ ಪ್ರಕರಣ ಜಲಮಂಡಳಿಯದು. 1964ರಲ್ಲಿ ಸ್ಥಾಪನೆಯಾದ ಈ ಮಂಡಳಿ ತನ್ನ ಕೆಲವು ನೌಕರರಿಗೆ ದುರ್ನಡತೆಯ ಆರೋಪದ ಮೇಲೆ ದಂಡ ವಿಧಿಸಿ ಹಣ ವಸೂಲು ಮಾಡಿತು. ತಮ್ಮ ಮಾತನ್ನು ಕೇಳದೆ ಶಿಕ್ಷಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧವೆಂದು ರಾಜಪ್ಪ ಮತ್ತು ಇತರರು 1972ರಲ್ಲಿ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರು ಕೇಳಿದ್ದು ತಮ್ಮಿಂದ ಮುರಿದುಕೊಂಡ ಹಣವನ್ನಷ್ಟೇ. ಮಂಡಳಿ ಅವರ ಅಹವಾಲನ್ನು ಕೇಳಬಹುದಿತ್ತು, ದಂಡ ಸರಿಯಾಗಿದ್ದರೆ ಕಾರಣ ಕೊಡಬಹುದಿತ್ತು, ತಪ್ಪಾಗಿದ್ದರೆ ಹಿಂದಿರುಗಿಸಬಹುದಿತ್ತು. ಅದರ ಬದಲು ಮಂಡಳಿ ಎತ್ತಿದ ಆಕ್ಷೇಪಣೆ ಬೇರೆಯೇ ಜಾತಿಯದು. ಜನರಿಗೆ ನೀರು ಕೊಡುವುದು ರಾಜಕಾರ್ಯ, ಆದ್ದರಿಂದ ನಾವು ‘ಕೈಗಾರಿಕೆ’ಯೇ ಅಲ್ಲ, ಕೈಗಾರಿಕಾ ವಿವಾದಗಳ ಕಾಯಿದೆ ನಮ್ಮನ್ನು ಮುಟ್ಟುವಂತಿಲ್ಲ, ಎಂಬುದು ಅದರ ವಾದ. ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಮಂಡಳಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು, ಅಲ್ಲಿಯೂ ಸೋತು ದೆಹಲಿಗೆ ಹೋಯಿತು. 1978ರ ಫೆಬ್ರವರಿ 21ರಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠ ಮಂಡಳಿಯ ವಾದವನ್ನು ತಳ್ಳಿಹಾಕಿತು. ಇಬ್ಬರು ಮಾತ್ರ ಭಿನ್ನಮತ ತಾಳಿದರು.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪು ಜಲಮಂಡಳಿಯೊಂದಕ್ಕೇ ನಿಲ್ಲಲಿಲ್ಲ. ಉದ್ಯೋಗದಾತ ಮತ್ತು ನೌಕರರ ಸಹಕಾರದಿಂದ ವ್ಯವಸ್ಥಿತವಾಗಿ ನಡೆಯುವ, ಜನರ ಅಗತ್ಯಗಳನ್ನು ಪೂರೈಸುವ ಯಾವುದೇ ಕೆಲಸವೂ ಕೈಗಾರಿಕೆಯೇ. ಲಾಭದ ಉದ್ದೇಶವಿಲ್ಲವೆಂಬುದು ನೆಪವಾಗದು ಎಂದು ಅದು ಹೇಳಿತು. ಅಂದರೆ ಆಸ್ಪತ್ರೆ, ಶಾಲೆ, ಧರ್ಮಾರ್ಥ ಸಂಸ್ಥೆಗಳೂ ಆ ಬಲೆಯೊಳಗೆ ಬಂದವು. ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವ ಕೆಲಸವೂ ಹೊರಗುಳಿಯಲಿಲ್ಲ. ನಮ್ಮ ಧರ್ಮಸಭೆಯ ಸಂಸ್ಥೆಗಳನ್ನು ನಡೆಸಿದ ಹಿರಿಯ ಗುರುಗಳೂ ಕನ್ಯಾಸ್ತ್ರೀಯರೂ ‘ರಾಜಪ್ಪ ಕೇಸು’ ಎಂಬ ಮಾತನ್ನು ಆತಂಕದಿಂದ ಉಚ್ಚರಿಸುತ್ತಿದ್ದುದನ್ನು ನಾನು ಗುರುಮಠದ ದಿನಗಳಲ್ಲಿ ಕೇಳಿದ್ದೇನೆ. ನಮ್ಮ ಆಸ್ಪತ್ರೆಯ ಆಯಾಗೂ ಶಾಲೆಯ ಜವಾನನಿಗೂ ಅದರಿಂದ ಸಿಕ್ಕ ರಕ್ಷಣೆಯ ವಿಷಯವನ್ನು ಅಷ್ಟೇ ಉತ್ಸಾಹದಿಂದ ಮಾತನಾಡಿದವರನ್ನು ನಾನು ಹೆಚ್ಚು ಕಾಣಲಿಲ್ಲ. ಸಂಸತ್ತು 1982ರಲ್ಲಿ ವ್ಯಾಖ್ಯೆಯನ್ನು ಕಿರಿದುಗೊಳಿಸುವ ತಿದ್ದುಪಡಿ ತಂದರೂ ಆ ಭಾಗ ಜಾರಿಗೆ ಬರಲಿಲ್ಲ. 2017ರಲ್ಲಿ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ತನ್ನದೇ ವ್ಯಾಖ್ಯೆಯನ್ನು ತಂದಿತು.

ಇಲ್ಲಿ ವಿಚಾರ ಮಾಡಿ, ವಾಚಕರೇ. ಜಲಮಂಡಳಿ ಅಂದು ರಾಜಿಯಾಗಿದ್ದರೆ ಅದಕ್ಕೆ ಆಗುತ್ತಿದ್ದ ನಷ್ಟ ಕೆಲವರ ದಂಡದ ಹಣ ಮಾತ್ರ. ಆದರೆ ರಾಜಪ್ಪನವರು ರಾಜಿಯಾಗಿದ್ದರೆ ದೇಶದ ಅಸಂಖ್ಯಾತ ನೌಕರರಿಗೆ ಆಗುತ್ತಿದ್ದ ನಷ್ಟ? ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ನಮ್ಮ ಗಾದೆ ಬಹುಮಟ್ಟಿಗೆ ನಿಜ. ರಾಜಪ್ಪ ಪ್ರಕರಣಕ್ಕೆ ಮಾತ್ರ ಅದು ಹೊಂದುವುದಿಲ್ಲ. ಊರು ಹಟಮಾರಿಯಾಗಿದ್ದುದರಿಂದಲೇ ಕಾನೂನು ಬೆಳೆಯಿತು ಎಂದು ಒಪ್ಪಿಕೊಳ್ಳಬೇಕಾದ ಮುಜುಗರ ನನಗೂ ಇದೆ. ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿಯೇ ಎದುರಾಳಿಯೊಡನೆ ಸಂಧಾನ ಮಾಡಿಕೊಳ್ಳಿರೆಂಬ ಪ್ರಭುವಿನ ಬೋಧನೆಯನ್ನು ಪೂಜೆಯಲ್ಲಿ ಓದುವ ನನಗೆ ಇದನ್ನು ಒಪ್ಪುವುದು ಇನ್ನೂ ಕಷ್ಟ.

ಎರಡನೆಯದು ಇದರ ತದ್ವಿರುದ್ಧ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಎಂದರೆ ಇಂದಿನ ಸದಾಶಿವನಗರದಲ್ಲಿ, ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದಂತೆ ಪ್ರಾಧಿಕಾರ ಖಾಸಗಿ ವೈದ್ಯಕೀಯ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ನೆರೆಹೊರೆಯ ನಿವಾಸಿಗಳು ಉಚ್ಚ ನ್ಯಾಯಾಲಯಕ್ಕೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಗೆಲುವನ್ನು ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದೇ. ಆದರೆ ಉದ್ಯಾನ ಬಡಾವಣೆಯ ಎಲ್ಲರಿಗೂ, ಅದರಲ್ಲೂ ಮಕ್ಕಳಿಗೂ ಮುದುಕರಿಗೂ ಸೇರಿದ್ದು. ಯೋಜನೆಯಲ್ಲಿ ಒಮ್ಮೆ ಉದ್ಯಾನವೆಂದು ಗುರುತಿಸಿದ ಜಾಗವನ್ನು ಮುಖ್ಯಮಂತ್ರಿಯ ಇಚ್ಛೆಯಂತೆ ಒಬ್ಬರಿಗೆ ಕೊಡಲು ಪ್ರಾಧಿಕಾರಕ್ಕೆ ಹಕ್ಕಿಲ್ಲ. ಅದನ್ನು ಪ್ರಶ್ನಿಸಲು ಅಲ್ಲಿನ ನಿವಾಸಿಗಳಿಗೆ ಹಕ್ಕಿದೆ ಎಂಬುದು ಆ ತೀರ್ಪಿನ ತಿರುಳು. ಇಲ್ಲಿ ಟ್ರಸ್ಟು, ಪ್ರಾಧಿಕಾರ, ಸರ್ಕಾರ ಮೂವರೂ ಪರಸ್ಪರ ಒಪ್ಪಿದ್ದರು. ಅದಕ್ಕಿಂತ ಸೊಗಸಾದ ಒಮ್ಮತವುಂಟೇ? ಒಪ್ಪಿಗೆ ಕೇಳಬೇಕಾದವರನ್ನು ಕೇಳಿರಲಿಲ್ಲ, ಅಷ್ಟೇ.

ಈ ಎರಡನ್ನು ಜೊತೆಗಿಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಊರಿನ ಮೇಲಿನ ದಾವೆಗಳಲ್ಲಿ ಎರಡು ಬಗೆ. ಒಂದರಲ್ಲಿ ಊರು ಒಬ್ಬನಿಗೆ ಕೊಡಬೇಕಾದ್ದು ಇರುತ್ತದೆ: ಕೂಲಿ, ಪಿಂಚಣಿ, ಭೂಮಿಯ ಬೆಲೆ, ಗುಂಡಿಗೆ ಬಿದ್ದು ಮುರಿದ ಕಾಲಿನ ಪರಿಹಾರ. ಇನ್ನೊಂದರಲ್ಲಿ ಒಬ್ಬನು ಕೇಳುತ್ತಿರುವುದು ಎಲ್ಲರದ್ದು: ಕೆರೆ, ಉದ್ಯಾನ, ರಾಜಕಾಲುವೆ. ಮೊದಲನೆಯದರಲ್ಲಿ ಬೇಗ ರಾಜಿಯಾಗುವುದು ಊರಿನ ಧರ್ಮ. ಎರಡನೆಯದರಲ್ಲಿ ರಾಜಿಯಾಗಲು ಅಧಿಕಾರಿಗೆ ಹಕ್ಕೇ ಇಲ್ಲ, ಏಕೆಂದರೆ ಕೊಡುವ ವಸ್ತು ಅವನದಲ್ಲ. ನಮ್ಮ ನಗರವೋ ಹಲವು ಬಾರಿ ಇದನ್ನು ತಿರುವುಮುರುವು ಮಾಡಿದೆ. ನೌಕರನ ದಂಡದ ಹಣಕ್ಕಾಗಿ ಏಳು ನ್ಯಾಯಮೂರ್ತಿಗಳವರೆಗೆ ಹೋರಾಡಿತು, ಉದ್ಯಾನವನ್ನು ಒಂದು ನಿರ್ಣಯದಲ್ಲಿ ಬಿಟ್ಟುಕೊಟ್ಟಿತು.

ಎರಡನೆಯ ಬಗೆಯ ಕಷ್ಟವನ್ನು ಜೆ.ಪಿ. ನಗರದವರು 2015ರ ಏಪ್ರಿಲಿನಲ್ಲಿ ಕಣ್ಣಾರೆ ಕಂಡರು. ಸಾರಕ್ಕಿ ಕೆರೆಯ ವಿಸ್ತೀರ್ಣ 82 ಎಕರೆಗೂ ಮಿಕ್ಕದ್ದು. ಸರ್ವೆ ಮಾಡಿದಾಗ ಅದರಲ್ಲಿ 30 ಎಕರೆಗೂ ಹೆಚ್ಚು ಒತ್ತುವರಿಯಾಗಿತ್ತು. ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಜಿಲ್ಲಾಡಳಿತದ ಯಂತ್ರಗಳು ಬಂದವು. ಉರುಳಿದ್ದು ಗುಡಿಸಲುಗಳಲ್ಲ, ಮಧ್ಯಮವರ್ಗದವರ ಮನೆಗಳು, ಬಹುಮಹಡಿ ಕಟ್ಟಡಗಳು. ಅನೇಕರ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿತ್ತು, ಕಂದಾಯ ಕಟ್ಟಿದ ರಸೀದಿಯಿತ್ತು, ಮನೆಗೆ ವಿದ್ಯುತ್ ಸಂಪರ್ಕವಿತ್ತು. ಸರ್ಕಾರದ ಒಂದು ಕೈ ಮುದ್ರೆಯೊತ್ತಿ ಕೊಟ್ಟದ್ದನ್ನು ಇನ್ನೊಂದು ಕೈ ಒಡೆದು ಹಾಕಿತು. ಕೆರೆ ಉಳಿಯಲೇಬೇಕಿತ್ತು, ಆ ಬಗ್ಗೆ ನನಗೆ ಸಂಶಯವಿಲ್ಲ. ಈಗ ಆ ದಂಡೆಯಲ್ಲಿ ಬೆಳಗಿನ ಹೊತ್ತು ನಡೆಯುವವರನ್ನು ಕಂಡಾಗ ಸಂತೋಷವಾಗುತ್ತದೆ. ಆದರೂ ಕೆರೆಯ ವಿಷಯದಲ್ಲಿ ರಾಜಿಯಿಲ್ಲವೆಂದ ಮೇಲೆ, ಕೆರೆಯಂಗಳವನ್ನು ನಿವೇಶನವೆಂದು ನೋಂದಾಯಿಸಿ ಶುಲ್ಕ ಪಡೆದ ವ್ಯವಸ್ಥೆ ಆ ಮನೆಯವರಿಗೆ ಏನೂ ಕೊಡಬೇಕಿಲ್ಲವೇ? ಕೆರೆ ಎಲ್ಲರದ್ದು ಎಂಬ ಪ್ರಶ್ನೆಯೊಳಗೇ ಒಬ್ಬೊಬ್ಬನಿಗೂ ಸಲ್ಲಬೇಕಾದ ಬಾಕಿಯ ಪ್ರಶ್ನೆಯೂ ಅಡಗಿತ್ತು. ಕೆಡವಿದ ದಿನ ಮೊದಲನೆಯದಕ್ಕೆ ಉತ್ತರ ಸಿಕ್ಕಿತು. ನಾನು ಮಾಡಿದ ಎರಡು ಬಗೆಯ ವಿಂಗಡಣೆ ಸಾರಕ್ಕಿಯ ದಂಡೆಯಲ್ಲಿ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಇನ್ನು ಅಕ್ರಮ–ಸಕ್ರಮವೆಂಬ ಸಾಮೂಹಿಕ ರಾಜಿ. ನಿಯಮ ಮೀರಿ ಕಟ್ಟಿದವರು ದಂಡ ತೆತ್ತರೆ ಕಟ್ಟಡ ಸಕ್ರಮವಾಗುವ ಈ ಯೋಜನೆಗೆ 2007ರಲ್ಲಿ ಕಾಯಿದೆ ತಿದ್ದಲಾಯಿತು, 2014ರಲ್ಲಿ ನಿಯಮಗಳು ಬಂದವು: ಮನೆಗಳಿಗೆ ಶೇ. 50ರವರೆಗಿನ, ವಾಣಿಜ್ಯ ಕಟ್ಟಡಗಳಿಗೆ ಶೇ. 25ರವರೆಗಿನ ಉಲ್ಲಂಘನೆಗೆ ಕ್ಷಮೆ. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಗಾಳಿ–ಬೆಳಕಿಗೆ ಬಿಡಬೇಕಾದ ಜಾಗ ಪಕ್ಕದ ಮನೆಯವನ ಹಕ್ಕೂ ಹೌದಲ್ಲವೇ? ಅವನನ್ನು ಬಿಟ್ಟು ಮಾಡಿದ ರಾಜಿ ಇದು.

ಹಾಗಾದರೆ ಮೊದಲ ಬಗೆಯ ದಾವೆಗಳಾದರೂ ಏಕೆ ಮುಗಿಯುವುದಿಲ್ಲ? ದಾರಿಗಳೇನೋ ಇವೆ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟೀಸು ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಂ ಹೇಳುತ್ತದೆ. ಪೌರಸಂಸ್ಥೆಗಳ ಕಾಯಿದೆಗಳಲ್ಲಿಯೂ ಇಂಥ ಮುನ್ಸೂಚನೆಯ ನಿಯಮಗಳಿವೆ. ತಕರಾರು ನ್ಯಾಯವಾಗಿದ್ದರೆ ಮುಂಚೆಯೇ ಬಗೆಹರಿಸಿಕೊಳ್ಳಲೆಂದೇ ಆ ಅವಧಿ. ಆದರೆ ಬಹುಪಾಲು ನೋಟೀಸುಗಳಿಗೆ ಉತ್ತರವೇ ಬರುವುದಿಲ್ಲ, ಬಂದರೂ ಅದು ಜಾರಿಕೆಯ ಉತ್ತರವೆಂದು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬೇಸರಪಟ್ಟಿತು. ಅದೇ ಸಂಹಿತೆಯ 89ನೆಯ ಕಲಂ 2002ರ ಜುಲೈನಿಂದ ಜಾರಿಗೆ ಬಂದು ರಾಜಿ, ಮಧ್ಯಸ್ಥಿಕೆ, ಲೋಕ ಅದಾಲತ್ತುಗಳ ಬಾಗಿಲು ತೆರೆಯಿತು. ನಮ್ಮವರೇ ಆದ ವೀರಪ್ಪ ಮೊಯ್ಲಿಯವರು ಕೇಂದ್ರದ ಕಾನೂನು ಸಚಿವರಾಗಿದ್ದಾಗ, 2010ರಲ್ಲಿ, ಸರ್ಕಾರ ವ್ಯಾಜ್ಯದ ಚಟ ಬಿಡಬೇಕೆನ್ನುವ ರಾಷ್ಟ್ರೀಯ ವ್ಯಾಜ್ಯ ನೀತಿಯನ್ನು ಪ್ರಕಟಿಸಿದರು. ನ್ಯೂಯಾರ್ಕ್ ನಗರದಲ್ಲಿ ಇದಕ್ಕೆಂದೇ ಒಂದು ಹುದ್ದೆಯಿದೆ. ಅಲ್ಲಿನ ಕಂಟ್ರೋಲರ್ ಜನರಿಂದ ಚುನಾಯಿತನಾದವನು. ನಗರದ ಮೇಲಿನ ಹಕ್ಕುಸಾಧನೆಗಳನ್ನು ದಾವೆಗೆ ಮುನ್ನವೇ ಇತ್ಯರ್ಥಪಡಿಸಲು ಅವನಿಗೆ ಅಧಿಕಾರವಿದೆ, ಎಷ್ಟು ಹಣ ಕೊಟ್ಟೆನೆಂದು ವರ್ಷ ವರ್ಷವೂ ಅವನು ವರದಿ ಮಾಡುತ್ತಾನೆ.

ನಮ್ಮಲ್ಲಿ ‘ಆಗಲಿ’ ಎಂದು ಸಹಿ ಹಾಕಿದ ಅಧಿಕಾರಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ, ಲಂಚದ ಗುಮಾನಿ ಬರುತ್ತದೆ. ಮೇಲ್ಮನವಿ ಹೋಗಿ ಹತ್ತು ವರ್ಷ ತಳ್ಳಿ ಸೋತವನಿಗೆ ಏನೂ ಬರುವುದಿಲ್ಲ. ನ್ಯಾಯಾಲಯವೇ ಹೇಳಿತಲ್ಲ ಎಂಬ ಕವಚ ಅವನಿಗಿರುತ್ತದೆ. ಆ ಹತ್ತು ವರ್ಷದ ಬಡ್ಡಿಯನ್ನು ಯಾರೂ ಅವನ ಲೆಕ್ಕಕ್ಕೆ ಬರೆಯುವುದಿಲ್ಲ. 1894ರ ಭೂಸ್ವಾಧೀನ ಕಾಯಿದೆಗೆ 1984ರಲ್ಲಾದ ತಿದ್ದುಪಡಿಯಂತೆ, ನ್ಯಾಯಾಲಯ ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15ರ ಬಡ್ಡಿ. ಯಾವ ಬ್ಯಾಂಕಿನ ಠೇವಣಿಗೂ ಸಿಗದ ಈ ಬಡ್ಡಿಯನ್ನು ಕಟ್ಟುವವರು ನಾವೇ, ಕಂದಾಯದಾರರು. ಇಂಥ ತೀರ್ಮಾನಗಳಿಗೆ ಹೆಗಲು ಕೊಡಬೇಕಾದವರು ಜನರಿಂದ ಆರಿಸಿಬಂದ ಸದಸ್ಯರು. ಬೆಂಗಳೂರಿನಲ್ಲಿ ಅವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಚುನಾವಣೆ ನಡೆಸಬೇಕೆಂದು ಮಾಜಿ ಸದಸ್ಯರು ದಾವೆ ಹೂಡಿದರು. ಆರು ವಾರಗಳಲ್ಲಿ ನಡೆಸಿರೆಂದು ಅದೇ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಹೇಳಿತು, ಎರಡು ವಾರದಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಿತು. ಆ ಪಾಲಿಕೆ 2025ರಲ್ಲಿ ಕೊನೆಗೊಳ್ಳುವವರೆಗೂ ಮತ್ತೆ ಸದಸ್ಯರನ್ನು ಕಾಣಲಿಲ್ಲ. ರಾಜಿಗೆ ಸಹಿ ಹಾಕಬೇಕಾದ ಕೈಗಳನ್ನು ಕೇಳಲೂ ಮೊಕದ್ದಮೆಯೇ ಬೇಕಾಯಿತು.

ರಸ್ತೆಗುಂಡಿಗಳ ವಿಷಯದಲ್ಲಿ, ಕೋರಮಂಗಲದ ನಿವಾಸಿಗಳು 2015ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ, ಗಾಯಗೊಂಡವರಿಗೆ ಪಾಲಿಕೆ ಪರಿಹಾರ ಕೊಡಲು ಬದ್ಧವೆಂದು 2019ರಲ್ಲಿ ಉಚ್ಚ ನ್ಯಾಯಾಲಯ ಹೇಳಿತು. ಗುಂಡಿಗೆ ಬಿದ್ದವನು ನೇರವಾಗಿ ಪಾಲಿಕೆಯನ್ನೇ ಕೇಳಬಹುದೆಂಬ ಈ ಆದೇಶ ನನಗೆ ಬಹಳ ಮೆಚ್ಚಿಗೆಯಾಯಿತು. ಕಾಲು ಮುರಿದವನು ಊರುಗೋಲಿನಲ್ಲಿ ವಕೀಲರ ಮೆಟ್ಟಿಲು ಹತ್ತುವುದು ತಪ್ಪಬೇಕು.

ನಮ್ಮ ಮಾಲಿಯವರ ಕಥೆಗೆ ಮರಳುತ್ತೇನೆ. ಅಂದು ನ್ಯಾಯದೇಗುಲದಿಂದ ಹೊರಬಂದು ಬಸ್ಸಿಗೆ ಕಾಯುತ್ತಿದ್ದಾಗ ಅವರು ಕೇಳಿದರು: “ಫಾದರ್, ಮುಂದಿನ ಸಲ ಅವರು ಅರ್ಧ ಕೊಡ್ತೀವಿ ಅಂದ್ರೆ ತಗೊಳ್ಳಲಾ?” ತೆಗೆದುಕೊಳ್ಳಿ ಎಂದೆ. ಅವರಿಗೆ ಎಪ್ಪತ್ತು ದಾಟಿತ್ತು, ಹೆಂಡತಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಅರ್ಧಕ್ಕೆ ಒಪ್ಪಿದ್ರೆ ನನ್ನ ಹಿಂದೆ ಇರೋರಿಗೂ ಅರ್ಧಾನೇ ಅಲ್ವಾ?” ಎಂದರು. ರಾಜಪ್ಪನವರ ಪ್ರಕರಣ ಆಗ ನನಗೆ ನೆನಪಿಗೆ ಬರಲಿಲ್ಲ. ಬಂದಿದ್ದರೂ ನಾನು ಬೇರೆ ಮಾತು ಹೇಳುತ್ತಿದ್ದೆನೋ ಇಲ್ಲವೋ ತಿಳಿಯದು.

ಎಂಟು ತಿಂಗಳ ಮೇಲೆ ಬೇರೊಬ್ಬ ಅಧಿಕಾರಿ ಕೈಯಲ್ಲಿ ಆದೇಶ ಹಿಡಿದು ಬಂದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ಇತ್ಯರ್ಥವಾಯಿತು. ಹಣ ಆಸ್ಪತ್ರೆಗೆ ಸರಿಹೋಯಿತು. ಹನ್ನೊಂದು ವರ್ಷಗಳ ಸೇವೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ರಾಜಿಪತ್ರದಲ್ಲಿ ಉತ್ತರವಿರಲಿಲ್ಲ; ಈ ಇತ್ಯರ್ಥವನ್ನು ಬೇರೆ ಪ್ರಕರಣಗಳಿಗೆ ಆಧಾರವಾಗಿ ಬಳಸತಕ್ಕದ್ದಲ್ಲವೆಂಬ ಒಂದು ಸಾಲಿತ್ತು. ಅವರ ಜೊತೆಯಲ್ಲೇ ದಿನಗೂಲಿಗೆ ಸೇರಿದ್ದ ಗೆಳೆಯರೊಬ್ಬರ ದಾವೆ ಇನ್ನೂ ನಡೆಯುತ್ತಿದೆ. ಭಾನುವಾರದ ಪೂಜೆ ಮುಗಿಸಿ ಹೊರಬಂದಾಗಲೆಲ್ಲ ನಮ್ಮ ಮಾಲಿಯವರು ನನಗೆ ತಮ್ಮ ಆರೋಗ್ಯದ ಮಾತಿಗಿಂತ ಮೊದಲು ಆ ಗೆಳೆಯರ ಮುಂದಿನ ವಾಯಿದೆಯ ದಿನಾಂಕ ಹೇಳುತ್ತಾರೆ.